ಧ್ವನಿ ಹೋಗುತ್ತಿಲ್ಲ

ನಿವೃತ್ತಿಗೆ ಮುಂಚಿನ ಕೊನೆಯ ಆನ್‌ಲೈನ್ ಪಾಠ ಮುಗಿಸಿದ ರಾಮಲಿಂಗಯ್ಯ ಮೇಷ್ಟ್ರು, "ಯಾರಾದ್ರೂ ಒಂದ್ ಮಾತಾಡ್ರಪ್ಪ" ಎಂದು ಕೇಳಿದರು. ಮಳವಳ್ಳಿಯ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಪರದೆಯ ತುಂಬ ವಿದ್ಯಾರ್ಥಿಗಳ ಹೆಸರುಗಳಿದ್ದವು, ಮುಖ ಒಂದೂ ಇರಲಿಲ್ಲ. ತಮ್ಮ ಧ್ವನಿಯೇ ಹೋಗುತ್ತಿಲ್ಲವೇನೋ ಎಂಬ ಆಸೆಯಿಂದ ಅವರು ತಾವು ಪಾಠ ಮಾಡುವ ಮಂಡ್ಯದ ಕಾಲೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಶಿವರಾಜುವಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪಿನ ಪಕ್ಕ ಇಟ್ಟರು.

"ಏನೋ ಕೆಟ್ಟೋಗದೆ ನೋಡಪ್ಪ, ಯಾರ್ಗೂ ಕೇಳಿಸ್ತಿಲ್ಲ."

ಶಿವರಾಜು ತನ್ನ ಕಂಪ್ಯೂಟರಿನಲ್ಲಿ ನೋಡಿ ಹೇಳಿದ: "ಎಲ್ಲಾ ಸರ್ಯಾಗೇ ಐತೆ ಸಾ. ಉಡುಗ್ರು ಆಜ್ರಿಗೆ ಅಂತ ಫೋನ್ ಆನ್ ಮಾಡಿ ಮಡಗವ್ರೆ. ನಿಮ್ ಪಾಠ ಯಾರ್ ಕೇಳ್ತಾರೆ ಬುಡಿ."

ಆಗ ಪರದೆಯ ಮೇಲೆ ವಿದ್ಯಾರ್ಥಿಯೊಬ್ಬನ ಹೆಸರಿನ ಪಕ್ಕ ಒಂದು ನಗುವ ಮುಖದ ಚಿತ್ರ ಮೂಡಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಎಲ್ಲರೂ ಕೇಳುತ್ತಲೇ ಇದ್ದರು.