ದುರ್ಗದ ಮರುಭೂಮಿ ಸವಾರಿ

ಗಂಗಾಧರಪ್ಪನವರು ಆ ಪಿಕಪ್ ಗಾಡಿ ಹತ್ತಿದ್ದು ಸೀಮೆ ನೋಡುವ ಆಸೆಯಿಂದಲ್ಲ, ತಮ್ಮ ಷಡ್ಡಕ ಮಂಜುನಾಥ ಮತ್ತೊಮ್ಮೆ ಮಣ್ಣು ಮುಕ್ಕುವುದನ್ನು ಕಣ್ಣಾರೆ ನೋಡುವ ಆಸೆಯಿಂದ. ಇದು ಅವರ ಹೆಂಡತಿ ಶಿವಗಂಗಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಚಿತ್ರದುರ್ಗದಲ್ಲಿ ಅವರಿಗೊಂದು ಬೀಜ-ಗೊಬ್ಬರದ ಅಂಗಡಿ. ಗಲ್ಲಾದ ಮುಂದೆ ಕುಳಿತು ಬೀದಿಯಲ್ಲಿ ಹೋಗುವವರನ್ನೆಲ್ಲ ಒಂದೊಂದು ಮಾತಿನಲ್ಲಿ ಸುಲಿದು ಹಾಕುವುದು ಅವರ ಕಸುಬು. ಗೊಬ್ಬರ ಮಾರುವುದು ಉಪಕಸುಬು. ಮೇಷ್ಟ್ರು ದಡ್ಡ, ಡಾಕ್ಟರು ಕಳ್ಳ, ಪಕ್ಕದ ಅಂಗಡಿಯವನು ಹೆಂಡತಿಯ ಗುಲಾಮ. ಎಲ್ಲರಿಗಿಂತ ಕೆಳಗಿನವನು ಮಂಜುನಾಥ.

ಮಂಜುನಾಥ ಶಿವಗಂಗಮ್ಮನ ತಂಗಿ ತೇಜಸ್ವಿನಿಯ ಗಂಡ. ಹೊಳಲ್ಕೆರೆಯಲ್ಲಿ ಫ್ಲೆಕ್ಸ್ ಬೋರ್ಡಿನ ಅಂಗಡಿ ಇಟ್ಟಿದ್ದ. ಹಿಂದೆ ಅಣಬೆ ಬೆಳೆಯಲು ಹೋಗಿ ಕೊಳೆಸಿದ್ದ, ಮೊಲ ಸಾಕಲು ಹೋಗಿ ನಾಯಿಗಳ ಪಾಲು ಮಾಡಿದ್ದ. ಈಗ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡು, ಹಿಂದಿನ ತೊಟ್ಟಿಗೆ ಟಾರ್ಪಾಲಿನ ಚಪ್ಪರ ಕಟ್ಟಿ, ಗುಜರಿಯ ಬಸ್ಸಿನ ಎರಡು ಸೀಟು ಕೂರಿಸಿ, ಎರಡೂ ಪಕ್ಕಕ್ಕೆ ಒಂಟೆಯ ಚಿತ್ರದ ಫ್ಲೆಕ್ಸ್ ಬಿಗಿದಿದ್ದ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ 'ದುರ್ಗದ ಮರುಭೂಮಿ ಸವಾರಿ' ಎಂದಿತ್ತು. ಮೊದಲ ಸವಾರಿ ಮನೆಯವರಿಗೆ ಎಂದು ಒಂದು ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಬಂದು ಅಕ್ಕನ ಮನೆಯ ಮುಂದೆ ಹಾರನ್ ಹೊಡೆದ.

"ಹಿರಿಯೂರು ದಾಟಿದ್ರೆ ಥೇಟು ರಾಜಸ್ಥಾನ ಕಣಣ್ಣ. ಜವನಗೊಂಡನಹಳ್ಳಿ ಆಸುಪಾಸು ಸುತ್ತಿ, ಮಾರಿಕಣಿವೆ ಡ್ಯಾಮು ನೋಡ್ಕಂಡು, ಹೊಸದುರ್ಗದ ಮೇಲೆ ನಮ್ಮೂರಿಗೆ ಹೋಗಾಣ. ಬೆಂಗ್ಳೂರಿನ ಜನ ಇಂಥದ್ಕೇ ಬಾಯಿ ಬಾಯಿ ಬಿಡ್ತಾರೆ."

ಗಂಗಾಧರಪ್ಪನವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಒಂಟೆ ಎಲ್ಲೈತಲೇ?"

"ಅದು ಬರೇ ಚಿತ್ರ ಅಣ್ಣ."

"ಹಂಗಾದ್ರೆ ಗಿರಾಕಿ ಬಂದಾಗ ನೀನೇ ಬಗ್ಗಿ ನಿಂತ್ಕ. ಕತ್ತು ಉದ್ದಕೈತೆ."

ಮಂಜುನಾಥ ಎಲ್ಲರಿಗಿಂತ ಮೊದಲು ತಾನೇ ನಕ್ಕ. ಶಿವಗಂಗಮ್ಮನಿಗೆ ಅವನ ಮೇಲೆ ಅಸಹ್ಯ ಹುಟ್ಟುತ್ತಿದ್ದುದು ಇದಕ್ಕೇ. ಅಣಬೆ ಕೊಳೆತದ್ದಕ್ಕಲ್ಲ, ಮೊಲ ಸತ್ತದ್ದಕ್ಕಲ್ಲ. ಮುಖಕ್ಕೆ ಉಗಿದರೂ ಪನ್ನೀರು ಚಿಮುಕಿಸಿದರೇನೋ ಎಂಬಂತೆ ಹಲ್ಲು ಬಿಡುತ್ತಿದ್ದುದಕ್ಕೆ. ಆದರೂ ಅವಳು ಹೊರಟಳು. ಮದುವೆಯಾದಂದಿನಿಂದ ಅವಳು ಊರು ಬಿಟ್ಟಿದ್ದು ಮದುವೆಗೆ, ಸಾವಿಗೆ, ಆಸ್ಪತ್ರೆಗೆ, ಮಠಕ್ಕೆ. ಯಾವ ಕೆಲಸವೂ ಇಲ್ಲದೆ, ಬರೇ ನೋಡಲಿಕ್ಕೆಂದು ಒಂದು ದಾರಿ ಹಿಡಿದು ಹೋದದ್ದೇ ಇರಲಿಲ್ಲ.

ಗಾಡಿಯ ಮುಂದೆ ಡ್ರೈವರ್ ಬಿಟ್ಟರೆ ಇನ್ನೊಬ್ಬರಿಗಷ್ಟೇ ಜಾಗ. ಗಂಗಾಧರಪ್ಪನವರು ಯಾರನ್ನೂ ಕೇಳದೆ ಅಲ್ಲಿ ಕುಳಿತರು. ಅಕ್ಕ ತಂಗಿ ಹಿಂದೆ, ರೊಟ್ಟಿ ಗಂಟು, ಮಜ್ಜಿಗೆಯ ಕ್ಯಾನು, ಕುಡಿಯುವ ನೀರಿನ ಕ್ಯಾನುಗಳ ಜೊತೆ. ಹೈವೇಯಲ್ಲಿ ಲಾರಿಗಳು ಪಕ್ಕದಲ್ಲೇ ಬುಸುಗುಟ್ಟಿಕೊಂಡು ಹೋಗುತ್ತಿದ್ದವು. ಕ್ಯಾಬಿನ್ನಿನ ಹಿಂದಿನ ಗಾಜು ಒಡೆದಿದ್ದರಿಂದ ಮುಂದಿನ ಮಾತೆಲ್ಲ ಹಿಂದಕ್ಕೆ ಕೇಳುತ್ತಿತ್ತು.

"ಗೇರು ಹಾಕೋದಾ ಇಲ್ಲ ರಾಗಿ ಬೀಸೋದಾ ಅದು?"

"ಆ ಕರಿ ಕನ್ನಡಕ ತೆಗಿಯಲೇ. ಕಣ್ಣು ಆಪರೇಷನ್ ಆದೋನು ಅನ್ಕಂತಾರೆ."

ಪ್ರತಿ ಮಾತಿಗೂ ಮಂಜುನಾಥ "ಹೆಹೆ, ಹೌದಣ್ಣ" ಎನ್ನುತ್ತಿದ್ದ. ತೇಜಸ್ವಿನಿ ಕಿವಿ ಕೇಳದವಳಂತೆ ಮಂಡಕ್ಕಿ ತಿನ್ನುತ್ತಿದ್ದಳು.

ಜವನಗೊಂಡನಹಳ್ಳಿಯಲ್ಲಿ ಹೈವೇ ಬಿಟ್ಟು ಒಳದಾರಿಗೆ ಇಳಿದ ಮೇಲೆ ಲೋಕವೇ ಬೇರೆಯಾಯಿತು. ಕೆಂಪು ನೆಲ, ಎಲ್ಲೋ ಒಂದೊಂದು ಜಾಲಿ, ಬೇಲಿಯುದ್ದಕ್ಕೂ ಕಳ್ಳಿ, ಅಷ್ಟು ದೂರದಲ್ಲಿ ಬೋಳು ಗುಡ್ಡಗಳು, ಗುಡ್ಡದ ನೆತ್ತಿಯಲ್ಲಿ ಸೋಮಾರಿಗಳಂತೆ ತಿರುಗುವ ಗಾಳಿ ಕರೆಂಟಿನ ದೊಡ್ಡ ಫ್ಯಾನುಗಳು. ಒಣಗಿದ ಹುಲ್ಲಿನ ಮೇಲೆ ಬೆಳಗಿನ ಬಿಸಿಲು ಬಿದ್ದು ನೆಲವೆಲ್ಲ ಹೊಸ ತಾಮ್ರದ ಹಂಡೆಯಂತೆ ಹೊಳೆಯುತ್ತಿತ್ತು. ಶಿವಗಂಗಮ್ಮ ಟಾರ್ಪಾಲು ಸರಿಸಿ ಮುಖ ಹೊರಗೆ ಹಾಕಿದಳು. ಇಷ್ಟು ಹತ್ತಿರದಲ್ಲಿ ಇಷ್ಟು ಬಯಲು ಇದ್ದದ್ದು ತನಗೆ ಗೊತ್ತೇ ಇರಲಿಲ್ಲವಲ್ಲ ಅನ್ನಿಸಿತು.

"ಏನೈತೆ ಇಲ್ಲಿ, ಮಣ್ಣು! ಇದನ್ನ ನೋಡೋಕೆ ಡೀಸೆಲ್ ಸುಡ್ತೀಯಲ್ಲಲೇ," ಎಂದು ಮುಂದಿನಿಂದ ಬಂತು.

ಮಂಜುನಾಥನ ತಾಳ್ಮೆ ಕೆಟ್ಟಿತೋ, ಇನ್ನಷ್ಟು ಚೆಂದದ್ದನ್ನು ತೋರಿಸಿ ಅಣ್ಣನ ಬಾಯಿ ಮುಚ್ಚಿಸಬೇಕೆನ್ನಿಸಿತೋ, ದಾರಿ ಬಿಟ್ಟು ಗಾಡಿಯನ್ನು ಒಂದು ಒಣಗಿದ ಕೆರೆಯ ಅಂಗಳಕ್ಕೆ ಇಳಿಸಿದ. ಮೇಲೆ ನೋಡಿದರೆ ಬಿರುಕುಬಿಟ್ಟ ಗಟ್ಟಿ ನೆಲ. ನಡುವಿಗೆ ಹೋಗುತ್ತಿದ್ದಂತೆ ಮೇಲಿನ ಪದರ ಒಡೆದು, ಮುಂದಿನ ಚಕ್ರಗಳು ಒಳಗಿನ ಕೆಸರಿಗೆ ಕುಸಿದವು. ಗಾಡಿ ಮುಗ್ಗರಿಸಿದ ಹೊಡೆತಕ್ಕೆ ಹಿಂದಿದ್ದ ನೀರಿನ ಕ್ಯಾನು ಉರುಳಿ, ಮುಚ್ಚಳ ಹಾರಿ, ನೀರೆಲ್ಲ ತೊಟ್ಟಿಯಿಂದ ಕೆಳಗೆ ಸುರಿದುಹೋಯಿತು.

ಗಂಗಾಧರಪ್ಪನವರ ಮುಖ ಬೆಳಗಿತು. ಬೆಳಗಿನಿಂದ ಇದಕ್ಕೇ ಕಾದಿದ್ದರು. "ಒಂಟೆ ಹೂತ್ಕಂತಪ್ಪೋ!" ಎಂದು ಕೂಗಿ, ಬಾಗಿಲು ತೆಗೆದು ಠೀವಿಯಿಂದ ಕಾಲು ಕೆಳಗಿಟ್ಟರು. ಮೊಣಕಾಲಿನವರೆಗೆ ಕೆಸರು. ಪಂಚೆಯ ಅಂಚು ಕಪ್ಪಾಯಿತು. ಆಮೇಲೆ ಅವರ ಬಾಯಿಂದ ಬಂದದ್ದು ತಮಾಷೆಯಲ್ಲ, ಬೈಗುಳ. ಬೈಯುತ್ತಲೇ ದಡಕ್ಕೆ ಹೋಗಿ ಜಾಲಿಮರದ ಕೆಳಗೆ ನಿಂತರು. ಗಾಡಿ ತಳ್ಳಲು ಒಂದು ಕೈ ಕೊಡಿ ಎಂದು ತೇಜಸ್ವಿನಿ ಕೇಳಿದ್ದಕ್ಕೆ, "ಹೂತೋನು ಎಬ್ಬಿಸ್ಲಿ," ಎಂದರು.

ದಡದ ಆಚೆ ಕುರಿ ಮೇಯಿಸುತ್ತಿದ್ದ ಗಂಡ ಹೆಂಡತಿ ಸದ್ದು ಕೇಳಿ ಬಂದರು. ಗಂಡ ಓಬಣ್ಣ, ಎಪ್ಪತ್ತರ ಹತ್ತಿರದವನು, ಹೆಂಡತಿ ಚಿತ್ತಮ್ಮ. ಓಬಣ್ಣ ಕಂಬಳಿಯನ್ನು ಮರಕ್ಕೆ ನೇತುಹಾಕಿ, ಯಾರೂ ಕರೆಯುವ ಮೊದಲೇ ಕೆಸರಿಗಿಳಿದ. ಜಾಲಿಯ ಕೊಂಬೆ ಕಡಿದು ತಂದು ಚಕ್ರದ ಕೆಳಗೆ ತುರುಕತೊಡಗಿದ. ಮಂಜುನಾಥನೂ ಪ್ಯಾಂಟು ಮಡಚಿ ಅವನ ಜೊತೆ ಸೇರಿದ.

"ಏಯ್, ಕುಡಿಯೋ ನೀರು ಐತೇನೇ?" ಗಂಗಾಧರಪ್ಪನವರು ಚಿತ್ತಮ್ಮನನ್ನು ಕೇಳಿದರು.

ಅವಳು ಅವರ ತಾಯಿಯ ವಯಸ್ಸಿನವಳಲ್ಲದಿದ್ದರೂ ಅಕ್ಕನ ವಯಸ್ಸಿನವಳು. "ಐತ್ರೀ ಸಾಮಿ, ತಗಳ್ರಿ," ಎಂದು ಹೆಗಲಿನ ಚೀಲದಿಂದ ಪ್ಲಾಸ್ಟಿಕ್ ಕ್ಯಾನು ತೆಗೆದುಕೊಟ್ಟಳು. ಅದರ ಸುತ್ತ ಒದ್ದೆ ಗೋಣಿ ಸುತ್ತಿ ನೀರನ್ನು ತಣ್ಣಗೆ ಇಟ್ಟಿದ್ದಳು. ಗಂಗಾಧರಪ್ಪನವರು ಮುಚ್ಚಳ ತೆಗೆದು ಮೂಸಿ ನೋಡಿದರು. "ಕುರಿ ವಾಸನೆ," ಎಂದರು. ಆಮೇಲೆ ಕಲ್ಲಿನ ಮೇಲೆ ಕುಳಿತು, ಕ್ಯಾನನ್ನು ಬಗ್ಗಿಸಿ, ಆ ನೀರಿನಲ್ಲಿ ಎರಡೂ ಕಾಲು ತೊಳೆದುಕೊಂಡರು. ಬೆರಳ ಸಂದಿಯ ಕೆಸರನ್ನೂ ನಿಧಾನವಾಗಿ ಉಜ್ಜಿದರು. ಕೊನೆಯ ಹನಿಯವರೆಗೆ ಸುರಿದು, ಖಾಲಿ ಕ್ಯಾನನ್ನು ನೆಲಕ್ಕೆ ಬಿಟ್ಟರು.

ಚಿತ್ತಮ್ಮ ಕ್ಯಾನು ಎತ್ತಿಕೊಂಡಳು. "ಸಂಜೆಗಂಟ ಅದೇ ಇತ್ತು," ಎಂದಳು. ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ. ಬೆಲೆ ಇಲ್ಲದವನೊಬ್ಬನನ್ನು ನೋಡಿ ಮುಖ ತಿರುಗಿಸಿದಂತೆ ಇತ್ತು, ಅಷ್ಟೇ.

ಅದನ್ನು ಶಿವಗಂಗಮ್ಮ ಕಂಡಳು. ಮೂವತ್ತು ವರ್ಷ ಗಂಡನ ನಾಲಿಗೆಗೆ ಅವಳು ಹೆದರಿದ್ದಳು. ಅಡುಗೆಗೆ, ಸೀರೆಗೆ, ತವರಿನವರಿಗೆ ಅವರೇನನ್ನುತ್ತಾರೋ ಎಂದು ಮೊದಲೇ ಮೈ ಬಿಗಿಹಿಡಿದು ಬದುಕಿದ್ದಳು. ಅಷ್ಟು ಮಂದಿಯನ್ನು ಹಳಿಯುವವನು ಅಷ್ಟು ಮಂದಿಗಿಂತ ದೊಡ್ಡವನೇ ಇರಬೇಕು ಎಂದು ಒಳಗೊಳಗೆ ನಂಬಿಯೂ ಇದ್ದಳು. ಈಗ ಕಲ್ಲಿನ ಮೇಲೆ ಕುಳಿತು, ಪರರ ಕುಡಿಯುವ ನೀರಿನಲ್ಲಿ ತೊಳೆದ ಕಾಲನ್ನು ಟವೆಲ್ಲಿನಿಂದ ಒರೆಸಿಕೊಳ್ಳುತ್ತಿದ್ದ ಆ ಮನುಷ್ಯನನ್ನು ನೋಡಿದರೆ ಭಯ ಬರಲಿಲ್ಲ. ಸಿಟ್ಟೂ ಬರಲಿಲ್ಲ. ಅಕ್ಕಿಯಲ್ಲಿ ಹುಳ ಕಂಡಾಗ ಬರುವಂಥದ್ದೊಂದು ಬಂತು.

ಅವಳು ಮಜ್ಜಿಗೆಯ ಕ್ಯಾನನ್ನು ತಂದು ಚಿತ್ತಮ್ಮನ ಕೈಗಿಟ್ಟಳು. "ಸದ್ಯಕ್ಕೆ ಇದನ್ನ ಕುಡೀರವ್ವ. ನೀರು ತಂದುಕೊಡ್ತೀವಿ." ಆಮೇಲೆ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ ಕೆಸರಿಗಿಳಿದಳು.

"ಏನೇ ಅದು ಅವತಾರ? ಎಮ್ಮೆ ಹೊಂಡಕ್ಕಿಳಿದಂಗೆ!" ದಡದಿಂದ ಕೂಗು ಬಂತು. ಅವಳು ತಿರುಗಿಯೂ ನೋಡಲಿಲ್ಲ. ಓಬಣ್ಣ, ತೇಜಸ್ವಿನಿ, ಅವಳು ಹೆಗಲು ಕೊಟ್ಟರು. ಮಂಜುನಾಥ ಗಾಡಿಗೆ ರಿವರ್ಸ್ ಕೊಟ್ಟ. ಎರಡು ಸಲ ಜಾರಿ, ಮೂರನೆಯ ಸಲಕ್ಕೆ ಗಾಡಿ ಎಲ್ಲರ ಮುಖಕ್ಕೂ ಕೆಸರೆರಚಿ ಗಟ್ಟಿನೆಲಕ್ಕೆ ಬಂತು. ತೇಜಸ್ವಿನಿ ಬಿದ್ದು ಬಿದ್ದು ನಕ್ಕಳು. ಶಿವಗಂಗಮ್ಮನಿಗೂ ನಗು ತಡೆಯಲಾಗಲಿಲ್ಲ.

ಗಂಗಾಧರಪ್ಪನವರು ಪಂಚೆ ಕೊಡವಿಕೊಂಡು ಗಾಡಿಯ ಬಳಿ ಬರುವ ಹೊತ್ತಿಗೆ ಶಿವಗಂಗಮ್ಮ ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು.

"ಇಳಿಯೇ."

"ಹಿಂದೆ ಕುಂತ್ಕಳ್ರಿ. ತೇಜು ಜೊತೆ."

"ನಾನು? ಹಿಂದೆ? ಕುರಿ ತುಂಬ್ದಂಗೆ?"

"ಬೆಳಿಗ್ಗೆಯಿಂದ ನಾವು ಅಲ್ಲೇ ಇದ್ವಲ್ಲ."

ಮಂಜುನಾಥ ನಡುವೆ ಬಾಯಿ ಹಾಕಿದ. "ಅಕ್ಕ, ನೀವು ಇಳೀರಿ... ಅಣ್ಣ, ಬರ್ರಿ, ಬರ್ರಿ, ತಪ್ಪು ನಂದೇ, ನಾನೇ ಗಾಡಿ ಇಳಿಸಿದ್ದು..."

"ಬಾಯಿ ಮುಚ್ಚಪ್ಪ," ಎಂದಳು ಶಿವಗಂಗಮ್ಮ. "ಒದ್ದ ಕಾಲು ನೋಯ್ತೇನೋ ಅಂತ ಒತ್ತೋಕೆ ಹೋಗ್ತೀಯಲ್ಲ, ನಾಚಿಕೆ ಆಗಲ್ವಾ?"

ಬೈಸಿಕೊಂಡೂ ಮಂಜುನಾಥ ಆ ದಿನ ನಗದೆ ಇದ್ದದ್ದು ಅದೇ ಮೊದಲು.

ಗಂಗಾಧರಪ್ಪನವರು ತಮ್ಮ ಕೊನೆಯ ಅಸ್ತ್ರ ತೆಗೆದರು. "ಹಂಗಾದ್ರೆ ನಾನು ನಡ್ಕಂಡು ಹೋಗಿ ಬಸ್ಸು ಹಿಡೀತೀನಿ."

"ಹೂಂ, ಹೋಗ್ರಿ. ಹೈವೇಗೆ ಬಸ್ಸು ಸಿಗ್ತವೆ."

ಅವರು ಅಷ್ಟು ಬೇಗ ಉತ್ತರ ನಿರೀಕ್ಷಿಸಿರಲಿಲ್ಲ. ಯಾರೂ ಕರೆಯಲಿಲ್ಲ. ಟವೆಲ್ಲನ್ನು ತಲೆಗೆ ಹಾಕಿಕೊಂಡು ದಾರಿ ಹಿಡಿದರು.

ನೀರು ತುಂಬಿಸಲು ಜವನಗೊಂಡನಹಳ್ಳಿಗೇ ಹೋಗಬೇಕಿತ್ತು. ತಮ್ಮದೂ ಚಿತ್ತಮ್ಮನದೂ ಎರಡೂ ಖಾಲಿ ಕ್ಯಾನು ಇಟ್ಟುಕೊಂಡು ಹೊರಟ ಗಾಡಿ ಸ್ವಲ್ಪ ದೂರದಲ್ಲೇ ಅವರನ್ನು ದಾಟಿತು. ಅವರು ಮುಖವನ್ನು ಗುಡ್ಡದ ಕಡೆ ತಿರುಗಿಸಿಕೊಂಡಿದ್ದರು. ನಲ್ಲಿಯಲ್ಲಿ ನೀರು ಹಿಡಿದುಕೊಂಡು ವಾಪಸು ಬರುತ್ತಿದ್ದ ಗಾಡಿಯನ್ನು ಅವರು ದೂರದಿಂದಲೇ ಕಂಡರು. ಗಾಡಿ ತಮಗಾಗಿಯೇ ಬಂತೆಂದು ತಿಳಿದರು. ಕಳ್ಳಿಬೇಲಿಯ ಪಕ್ಕ ನಿಂತು, ಪಂಚೆ ಸರಿಮಾಡಿಕೊಂಡು, ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಒಪ್ಪುವ ಮುಖ ಮಾಡಿಕೊಂಡರು. ಮಂಜುನಾಥನ ಕಾಲು ಬ್ರೇಕಿನ ಕಡೆ ಹೋಯಿತು.

"ನಡಿ," ಎಂದಳು ಶಿವಗಂಗಮ್ಮ.

ಗಾಡಿ ನಿಲ್ಲಲಿಲ್ಲ. ಕೆಂಪು ಧೂಳು ಎದ್ದು ಬೇಲಿಯೂ ಮನುಷ್ಯನೂ ಒಂದೇ ಬಣ್ಣವಾದದ್ದು ಅವಳಿಗೆ ಪಕ್ಕದ ಕನ್ನಡಿಯಲ್ಲಿ ಕಾಣಿಸಿತು.

ಚಿತ್ತಮ್ಮನಿಗೆ ಎರಡು ಕ್ಯಾನು ನೀರು ಕೊಟ್ಟು, ಓಬಣ್ಣನ ಜೊತೆ ಅದೇ ಜಾಲಿಯ ಕೆಳಗೆ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿಂದರು. ಮಾರಿಕಣಿವೆಯಲ್ಲಿ ಶಿವಗಂಗಮ್ಮ ಮನಸ್ಸು ತಣಿಯುವಷ್ಟು ಹೊತ್ತು ನೀರು ನೋಡಿದಳು. ಹೊಸದುರ್ಗದ ದಾರಿಯಲ್ಲಿ ಫ್ಯಾನಿನ ಬುಡಕ್ಕೇ ಹೋಗಿ ಕತ್ತೆತ್ತಿ ನಿಂತಳು. "ಅಕ್ಕ, ರಾಜಸ್ಥಾನ ಇದ್ದಂಗಿಲ್ವಾ?" ಎಂದು ಮಂಜುನಾಥ ಅಳುಕುತ್ತಲೇ ಕೇಳಿದ.

"ನೀನು ರಾಜಸ್ಥಾನ ನೋಡಿದೀಯಾ?"

"ಇಲ್ಲ."

"ಮತ್ಯಾಕೆ ಅದರ ಜಪ? ನಮ್ಮ ಸೀಮೆಗೆ ಹೆಸರಿಲ್ವಾ? ಆ ಒಂಟೆ ಕಿತ್ತು ಬಿಸಾಕು."

ಹೊಳಲ್ಕೆರೆಯಲ್ಲಿ ತಂಗಿಯ ಮನೆಯಲ್ಲಿ ಒಂದು ವಾರ ಉಳಿದಳು. ಗಂಡನಿಂದ ಫೋನು ಬರಲಿಲ್ಲ, ಅವಳೂ ಮಾಡಲಿಲ್ಲ. ಮಂಜುನಾಥ ಒಂಟೆಯನ್ನೇನೋ ಕಿತ್ತ. ಆದರೂ ಸವಾರಿಗೆಂದು ಬಂದವರು ಬೆರಳೆಣಿಕೆಯಷ್ಟು; ಉಳಿದ ದಿನಗಳಲ್ಲಿ ಗಾಡಿ ಈರುಳ್ಳಿ ಹೊತ್ತಿತು. ಅದರಲ್ಲಿ ಶಿವಗಂಗಮ್ಮನಿಗೆ ಆಶ್ಚರ್ಯವಾಗುವಂಥದ್ದೇನೂ ಇರಲಿಲ್ಲ.

ಅವಳು ಮನೆಗೆ ಮರಳಿದ ದಿನ ಪಕ್ಕದ ಅಂಗಡಿಯ ಮಾರುತಿ ಪಡಸಾಲೆಯಲ್ಲಿ ಕುಳಿತಿದ್ದ. ಗಂಗಾಧರಪ್ಪನವರು ಏರುದನಿಯಲ್ಲಿ ಹೇಳುತ್ತಿದ್ದರು: "ಆ ಡಕೋಟ ಗಾಡಿ, ಆ ಮುಠ್ಠಾಳ! ಸಾಕಪ್ಪ ಸಹವಾಸ ಅಂತ ನಾನೇ ಇಳಿದು ಬಂದೆ." ಹೆಂಡತಿಯನ್ನು ಕಂಡದ್ದೇ ಮಾತು ಅರ್ಧಕ್ಕೆ ನಿಂತಿತು.

"ಹೌದಾ ಅತ್ತಿಗೆಮ್ಮ?" ಎಂದು ಮಾರುತಿ ನಗುತ್ತ ಕೇಳಿದ.

ಗಂಗಾಧರಪ್ಪನವರು ಹೆಂಡತಿಯ ಮುಖ ನೋಡಿದರು. ಅವಳು ನಿಜ ಹೇಳಿದರೆ ನಾಳೆ ಬೀದಿಯುದ್ದಕ್ಕೂ ಅದೇ ಮಾತು. ಅವರ ಕಣ್ಣಿನಲ್ಲಿ ಬೇಡಿಕೊಳ್ಳುವಂಥದ್ದೊಂದು ಕಂಡಿತು. ಅದನ್ನು ನೋಡಿ ಶಿವಗಂಗಮ್ಮನಿಗೆ ಗೆದ್ದೆನೆಂದೂ ಅನ್ನಿಸಲಿಲ್ಲ, ಅಯ್ಯೋ ಎಂದೂ ಅನ್ನಿಸಲಿಲ್ಲ. ತಿದ್ದುವಷ್ಟು ಬೆಲೆಯೂ ಆ ಸುಳ್ಳಿಗಿರಲಿಲ್ಲ.

"ಹೌದಪ್ಪ, ಅವ್ರೇ ಇಳಿದ್ರು," ಎಂದು ಹೇಳಿ, ಬ್ಯಾಗು ಹಿಡಿದು ಒಳಗೆ ಹೋದಳು.