ನಲ್ಲಿಗಾಗಿ ಹಾಕಿದ ಸಹಿ

ಪುರಸಭೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಚಾಂದ್‌ಪುಕುರದ ಜನ ಆರಿಸಿದ ಸದಸ್ಯರೆಲ್ಲ ಗಂಗಾಜಲ ಮುಟ್ಟಿ ಆಣೆ ಮಾಡಿದ್ದರು. ಬಿಳಿಯರ ಸರ್ಕಾರದ ಹೊಸ ಕಾಯ್ದೆ ಅಂಥದ್ದು. ಆರಿಸಿ ಬರುವವರ ಸ್ಥಾನ ಅರ್ಧಕ್ಕರ್ಧ ಕಡಿತ. ನೀರು, ಚರಂಡಿ, ತೆರಿಗೆ ಎಲ್ಲವೂ ಅಧ್ಯಕ್ಷ ಸಾಹೇಬನ ಕೈಗೆ. ಅದನ್ನು ಪುರಸಭೆಯೇ ಒಪ್ಪಬೇಕಂತೆ, ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗೆ! ಆರಿಸಿ ಬಂದವರಲ್ಲಿ ಒಬ್ಬನಾದರೂ ಹಾಜರಿ ಹಾಕದೆ ಸಭೆ ನಡೆಯದು ಎಂಬ ಹಳೆಯ ನಿಯಮವೊಂದೇ ಇವರಿಗೆ ಉಳಿದ ಆಸರೆಯಾಗಿತ್ತು.

ಊರಿನ ಆಯುರ್ವೇದ ವೈದ್ಯ ತಾರಿಣೀ ಕವಿರಾಜರೂ ಆಣೆ ಮಾಡಿದ್ದರು. ಆದರೆ ಅವರನ್ನು ಆರಿಸಿದ್ದು ಮೀನುಗಾರರ ಕೇರಿ. ಅಲ್ಲಿ ಕುಡಿಯಲು ಪಾಚಿಗಟ್ಟಿದ ಕೆರೆಯೇ ಗತಿ. ಕಾಲರಾ ಹೊಕ್ಕಿತ್ತು. ಆ ಕೇರಿಯ ಮೋಕ್ಷದಾಳ ಇಬ್ಬರು ಗಂಡುಮಕ್ಕಳು ಒಂದೇ ವಾರದಲ್ಲಿ ಕವಿರಾಜರ ಕೈಯಲ್ಲೇ ಹೋದರು. ಉಳಿದದ್ದು ಒಂದು ಹೆಣ್ಣುಕೂಸು.

"ಔಷಧಿ ಬೇಡ ಕವಿರಾಜ ಮಶಾಯ್, ನೀರು ಕೊಡಿಸಿ. ಇವಳೊಬ್ಬಳಾದರೂ ಉಳೀಲಿ" ಎಂದಳು ಆಕೆ.

ಕವಿರಾಜರು ಹಿರಿಯ ಸದಸ್ಯ ಹೇರಂಬ ವಕೀಲರ ಬಳಿಗೆ ಓಡಿದರು. "ದಾದಾ, ಸಭೇಲಿ ಮೊದಲನೇ ವಿಷಯ ನಮ್ಮ ಕೇರಿ ನಲ್ಲಿ. ಅದೊಂದು ಪಾಸು ಮಾಡಿಸಿ ಎದ್ದು ಬಂದುಬಿಡ್ತೀನಿ. ಕಾಯ್ದೆ ವಿಷಯ ಬರೋದು ಆಮೇಲೆ ತಾನೆ?"

"ಒಳಗೆ ಹೋದೆಯೋ, ಕೆಟ್ಟೆ. ಅವರು ಕಾಯ್ತಾ ಇರೋದೇ ನಿನ್ನಂಥವನಿಗೆ ಕಣಯ್ಯಾ. ಸ್ವಲ್ಪ ತಡಕೋ."

"ನಿಮ್ಮ ಅಂಗಳದಲ್ಲಿ ಬಾವಿ ಇದೆ ದಾದಾ. ನೀವು ತಡಕೋಬಹುದು."

ಮಾತು ಅಲ್ಲಿಗೆ ಮುರಿಯಿತು. ಸಂಕಟ ಬಂದವನಿಗೆ ವಿವೇಕ ಹೇಳುವುದು ಎಷ್ಟು ಸುಲಭ, ನೋಡಿ.

ಸಭೆಯ ದಿನ ಕವಿರಾಜರು ಮಹಾರಾಣಿಯ ಪಟದ ಕೆಳಗೆ ಕೂತು ಹಾಜರಿ ಸಹಿ ಹಾಕಿದರು. ಸರ್ಕಾರ ನೇಮಿಸಿದ ಸದಸ್ಯರು ಒಬ್ಬರನ್ನೊಬ್ಬರು ನೋಡಿಕೊಂಡರು. ನಲ್ಲಿಯ ವಿಷಯ ಬಂತು. ಒಬ್ಬರೂ ತಕರಾರು ತೆಗೆಯಲಿಲ್ಲ. ಎಲ್ಲರ ಕೈಗಳೂ ಮೇಲೆದ್ದವು! ಕವಿರಾಜರ ಕಣ್ಣು ತುಂಬಿ ಬಂತು. ಕಿಟಕಿಗೆ ಆತುಕೊಂಡಿದ್ದ ಬೆಸ್ತನೊಬ್ಬ ಸುದ್ದಿ ಹೊತ್ತು ಕೇರಿಗೆ ಓಡಿದ.

ಕವಿರಾಜರು ಕೈಮುಗಿದು ಎದ್ದರು.

"ಹೋಗಿ ಬನ್ನಿ ಕವಿರಾಜರೇ," ಎಂದ ಸಾಹೇಬ, ಬಲು ಮರ್ಯಾದೆಯಿಂದ. "ಸಹಿ ಬಿದ್ದಿದೆಯಲ್ಲ, ಎದ್ದು ಹೋದರೂ ಹಾಜರಿ ಹಾಜರಿಯೇ."

ಅವರ ಕಾಲು ಅಲ್ಲೇ ಕಚ್ಚಿಕೊಂಡಿತು. ಕಾಯ್ದೆಯನ್ನು ಓದಿದರು, ಮತ್ತೆ ಕೈಗಳು ಎದ್ದವು. ಬೇಡವೆಂದು ಕೂಗಿದ ಅವರದು ಒಂದೇ ಮತ. ನೀರಿನ ಅಧಿಕಾರ ಸಾಹೇಬನ ಕೈ ಸೇರಿತು. ಆ ಅಧಿಕಾರದಲ್ಲಿ ಅವನು ಮಾಡಿದ ಮೊದಲ ಕೆಲಸವೆಂದರೆ ಮೀನುಗಾರರ ಕೇರಿಯ ನಲ್ಲಿಯನ್ನು ರದ್ದು ಮಾಡಿದ್ದು. ಕೊಳವೆಗಳು ಕಂಟೋನ್ಮೆಂಟಿಗೆ ಬೇಕಾಗಿದ್ದವಂತೆ. ಪಾಪಿ, ದನಿ ಕೂಡ ಏರಿಸಲಿಲ್ಲ.

ಕವಿರಾಜರು ಕೇರಿ ಮುಟ್ಟುವಷ್ಟರಲ್ಲಿ ಹೆಂಗಸರು ಶಂಖ ಊದುತ್ತಿದ್ದರು, ನಾಲಿಗೆ ಹೊರಳಿಸಿ ಮಂಗಳದ ಉಲುಧ್ವನಿ ಮಾಡುತ್ತಿದ್ದರು. ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಮೋಕ್ಷದಾ ಬಂದು ಅವರ ಪಾದ ಮುಟ್ಟಿದಳು.

"ನಲ್ಲಿ ಇಲ್ಲ ತಾಯಿ," ಎಂದರು ಅವರು. "ಕೊಟ್ಟ ಹಾಗೆ ಮಾಡಿ ಕಿತ್ಕೊಂಡರು."

ಶಂಖ ನಿಂತಿತು. ಆಕೆ ಅಳಲಿಲ್ಲ. ಸಮಾಧಾನ ಹೇಳುವವಳಂತೆ, "ಆಗಲಿ ಮಶಾಯ್, ನೀವಿದೀರಲ್ಲ. ಮುಂದಿನ ಸಭೇಲಿ ಇನ್ನೊಂದು ಸಲ ಕೇಳಿದರಾಯ್ತು" ಎಂದಳು.

"ಕೇಳೋಕೆ ಇನ್ನು ಸಭೆಯೇ ಇಲ್ಲ ತಾಯಿ," ಎಂದರು ಕವಿರಾಜರು. "ಅದನ್ನ ನಾನೇ ಹೋಗಿ ಮುಗಿಸಿ ಬಂದೆ."