ಕೂಡದು ಎನ್ನುವ ಬೆರಳು

ನಮ್ಮ ಮೋಸುಲ್‌ನಲ್ಲಿ ಯಾರಾದರೂ ಮುಖದೆದುರು ತೋರುಬೆರಳನ್ನು ಅತ್ತಿತ್ತ ಆಡಿಸಿದರೆ ಬಾಯಿ ಬಿಡಬೇಕಾಗಿಲ್ಲ, 'ಕೂಡದು' ಎಂದೇ ಅರ್ಥ. ಊರು ಬಿಟ್ಟು ಓಡುವ ದಿನ ಸೇತುವೆಯ ಮೇಲೆ ಬಂದೂಕಿನವನೊಬ್ಬ ಖೌಲಾಳ ಗಂಡನನ್ನು ಸಾಲಿನಿಂದ ಎಳೆದುಕೊಂಡು, ಅವಳಿಗೆ ಹಾಗೇ ಬೆರಳಾಡಿಸಿದ್ದ. ತಿರುಗಿ ನೋಡಕೂಡದು. ಅವಳು ನೋಡಲಿಲ್ಲ. ಗುಂಡಿನ ಸದ್ದು ಮಾತ್ರ ಬೆನ್ನ ಹಿಂದೆ ಕೇಳಿಸಿತು.

ಯುದ್ಧ ಮುಗಿದು ಊರಿಗೆ ಮರಳಿದರೂ ಅವಳಿಗೆ ಆ ಸೇತುವೆ ದಾಟಲಾಗಲಿಲ್ಲ. ಹತ್ತಿರ ಹೋದರೆ ಮೊಣಕಾಲು ಕುಸಿಯುತ್ತಿದ್ದವು, ಹೆದರಿ ಗಂಡನನ್ನು ಬಿಟ್ಟು ಬಂದೆನೆಂಬ ಕೊರಗು ಹಿಂಡುತ್ತಿತ್ತು. ಆಚೆ ದಡದಲ್ಲಿ ಅವಳ ಕುಬ್ಬಾ ಅಂಗಡಿ. ಗೋಧಿನುಚ್ಚು, ಮಾಂಸ ತಟ್ಟಿ ಬೇಯಿಸಿ ಗಂಡ ಹೆಂಡತಿ ಕಟ್ಟಿಕೊಂಡ ಬದುಕು. ಅದರ ಮೇಲೆ ಮೈದುನ ಘಾನಿಮನ ಕಣ್ಣು ಬಿದ್ದಿತ್ತು. ಅಣ್ಣನಿಗಾಗಿ ಒಂದು ಹನಿ ಸುರಿಸದ ಕಣ್ಣು ಅದು.

"ಸೇತುವೆ ದಾಟೋಕಾಗದೋರಿಗೆ ಅಂಗಡಿ ಯಾಕೆ ಅತ್ತಿಗೆ? ಬೀಗದಕೈ ಕೊಡಿ. ಹುಚ್ಚರ ಡಾಕ್ಟ್ರ ಹತ್ರ ಹೋಗಿ ಮನೆ ಮಾನ ಕಳೀಬೇಡಿ."

"ಹೋದ್ರೆ ನನ್ನ ಮಾನ ಹೋಗ್ಲಿ. ನಿಂದು ಭದ್ರವಾಗಿಟ್ಕೋ," ಎನ್ನುತ್ತ ಖೌಲಾ ಡಾಕ್ಟರ ಹತ್ತಿರ ಹೋಗಿಯೇ ಹೋದಳು.

ಡಾಕ್ಟರ್ ರಬಾಬ್ ಕೆಲವು ವಾರ ಬರೀ ಮಾತಾಡಿಸಿದಳು, ಉಸಿರನ್ನು ಹತೋಟಿಗೆ ತರುವುದನ್ನು ಕಲಿಸಿದಳು. ಆಮೇಲೊಂದು ದಿನ, "ಸೇತುವೆ ಮೇಲಿನ ಆ ಗಳಿಗೇನ ಮನಸ್ಸಲ್ಲಿಟ್ಕೋ, ಚಿನ್ನಾ. ತಲೆ ತಿರುಗಿಸ್ಬೇಡ, ಬರೀ ಕಣ್ಣಲ್ಲೇ ನನ್ನ ಬೆರಳಿನ ಹಿಂದೆ ಹೋಗು. ಕಣ್ಣು ಹೀಗೆ ಓಡಾಡ್ತಿದ್ರೆ ನೆನಪಿನ ಕಾವು ಇಳಿಯತ್ತೆ," ಎಂದು ಅವಳ ಮುಖದೆದುರು ಬೆರಳನ್ನು ಅತ್ತಿತ್ತ ಆಡಿಸಿದಳು.

ಖೌಲಾ ಆ ಕೈಗೆ ಫಟ್ಟನೆ ಹೊಡೆದಳು. "ನೀನೂ ಕೂಡದು ಅಂತೀಯಾ?"

ಡಾಕ್ಟರು ನಾಲಿಗೆ ಕಚ್ಚಿಕೊಂಡಳು. ಕಲಿತ ಪಾಠದ ಭರದಲ್ಲಿ ಊರಿನ ಸನ್ನೆಯೇ ಮರೆತುಹೋಗಿತ್ತು. "ತಪ್ಪಾಯ್ತು ಕಣೇ. ಪೆನ್ನು ಹಿಡೀತೀನಿ. ಇಲ್ಲಾ ನಿನ್ನ ಮೊಣಕಾಲು ಒಂದಾದ ಮೇಲೊಂದು ತಟ್ತೀನಿ, ಅದೂ ಆಗತ್ತೆ."

"ಬೇಡ. ಬೆರಳೇ ಇರ್ಲಿ. ಅದೆಷ್ಟು ದಿನ ಹೆದರಿಸತ್ತೋ ನಾನೂ ನೋಡ್ತೀನಿ."

ನೋಡಿದಳು. ಬೆವರಿದಳು, ವಾಂತಿ ಮಾಡಿಕೊಂಡಳು, ಡಾಕ್ಟರನ್ನೂ ಅವಳ ವಂಶವನ್ನೂ ಬೈದಳು, ಮುಂದಿನ ವಾರ ಮತ್ತೆ ಬಂದಳು. ಹೀಗೆ ಕಣ್ಣು ಅತ್ತಿತ್ತ ಹರಿಯುತ್ತಿರುವಾಗಲೇ ಒಂದು ದಿನ, ನೆನಪಿನ ಮೂಲೆಯಲ್ಲಿದ್ದದ್ದು ಎದುರಿಗೆ ಬಂತು: ಅಂದು ಸೇತುವೆಯ ಮೇಲೆ ಅವಳ ಮುಷ್ಟಿಯಲ್ಲಿ ಮಗಳ ಪುಟ್ಟ ಕೈಯಿತ್ತು.

"ನಾನು ಹೆದರಿ ಅವರನ್ನ ಬಿಟ್ಟು ಬರ್ಲಿಲ್ಲ," ಎಂದು ಅಳುತ್ತಲೇ ಕೂಗಿದಳು. "ಮಗೂನ ಉಳಿಸ್ಕೊಂಡು ಬಂದೆ!"

ನೆನಪೇನೂ ಅಳಿಸಿಹೋಗಲಿಲ್ಲ. ಆದರೆ ಸೇತುವೆಯ ಆ ದಿನ ಕೊನೆಗೂ ಮುಗಿದುಹೋದ ದಿನವಾಯಿತು.

ಒಂದು ಬೆಳಿಗ್ಗೆ ಬೀಗದಕೈ ಸೊಂಟಕ್ಕೆ ಸಿಕ್ಕಿಸಿ ಸೇತುವೆ ಹತ್ತಿದಳು. ಬೆನ್ನಟ್ಟಿ ಬಂದ ಘಾನಿಮ್ ಈಚೆ ದಡದಲ್ಲೇ ನಿಂತು ಕೂಗಿದ. "ಬಿದ್ದುಹೋಗ್ತೀರಿ ಅತ್ತಿಗೆ! ಬೀಗದಕೈ ಕೊಟ್ಟು ಸುಮ್ನೆ ಮನೆಗೆ ಹೋಗಿ!"

ಬಿದ್ದರೆ ಏಳುತ್ತೇನೆ ಎಂದುಕೊಂಡು ನಡೆದಳು. ಗಂಡನನ್ನು ಎಳೆದೊಯ್ದ ಜಾಗಕ್ಕೆ ಬಂದಾಗ ನಿಂತು, ಅಂದು ತಿರುಗದಿದ್ದವಳು ಇಂದು ಪೂರ್ತಿ ಹಿಂತಿರುಗಿ ಕಣ್ತುಂಬ ನೋಡಿದಳು. ಟೈಗ್ರಿಸ್ ಹರಿಯುತ್ತಿತ್ತು. ಕಂಬಿಗಳಿಗೆ ಹೊಸ ಬಣ್ಣ ಬಳಿದಿದ್ದರು. ಬಿಟ್ಟುಬಂದ ದಡದಲ್ಲಿ ಮೈದುನ ಬೀಗದಕೈಗಾಗಿ ಕೈಚಾಚಿ ನಿಂತಿದ್ದ.

ಖೌಲಾ ತೋರುಬೆರಳೆತ್ತಿ ಅವನ ಕಡೆಗೆ ಅತ್ತಿತ್ತ ಆಡಿಸಿದಳು. ಆಮೇಲೆ ಅಂಗಡಿ ತೆರೆಯಲು ಹೊರಟಳು.